ಹಳದಿ ಅಂಗಿಯ ಇಪ್ಪತ್ತು ಜನ

ನಮ್ಮ ಟೀಮಿನಲ್ಲಿ ನಿವೃತ್ತಿಗೆ ಹತ್ತಿರವಾದ ಒಬ್ಬ ಹಿರಿಯರಿದ್ದಾರೆ. ಫೆಬ್ರವರಿಯ ಒಂದು ಶುಕ್ರವಾರ ನನ್ನ ಮೇಜಿನ ಮೇಲೆ ಹಳೇ ಶೂ ಡಬ್ಬಿಯೊಂದನ್ನು ಇಟ್ಟು, "ನಿನ್ನ ಕೈ ನಡುಗಲ್ಲ ಅಲ್ವಾ?" ಅಂತ ಕೇಳಿದರು. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಕೈ, ಕಾಲು, ತಲೆ, ಗರಿ ಸಿಕ್ಕಿಸಿದ ಟೋಪಿ ಎಲ್ಲ ಬಿಡಿಬಿಡಿ. ಇಪ್ಪತ್ತು ಸೈನಿಕರಿಗೆ ಆಗುವಷ್ಟು. ಅವರ ಮನೆಯ ಗಾಜಿನ ಬೀರುವಿನಲ್ಲಿ ಎಂಬತ್ತು ಸೈನಿಕರು ಆಗಲೇ ಬಣ್ಣ ಹಚ್ಚಿಸಿಕೊಂಡು ನಿಂತಿದ್ದಾರಂತೆ. ಕೊನೆಯ ಇಪ್ಪತ್ತಕ್ಕೆ ಬರುವಷ್ಟರಲ್ಲಿ ಅವರ ಬಲಗೈ ನಡುಗೋಕೆ ಶುರುವಾಗಿದೆ.

ನಾನಿರುವುದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ. ವಾರ್‌ಹ್ಯಾಮರ್ ಅನ್ನೋ ಆಟ ತಯಾರಿಸುವ ಗೇಮ್ಸ್ ವರ್ಕ್‌ಶಾಪ್ ಕಂಪನಿ ಇರುವುದೂ ಇದೇ ಊರಿನಲ್ಲಿ. 1983ರಲ್ಲಿ ಶುರುವಾದ ಆಟ ಇದು. ಚೆಸ್ ಥರ ಮನೆಗಳಿಲ್ಲ. ಟೇಪ್ ಹಿಡಿದು ಇಂಚಿನ ಲೆಕ್ಕದಲ್ಲಿ ಮೇಜಿನ ಮೇಲೆ ಸೈನ್ಯ ನಡೆಸಬೇಕು, ದಾಳ ಹಾಕಿ ಹೊಡೆದಾಡಬೇಕು. ವಿಚಿತ್ರ ಏನಂದ್ರೆ ಸೈನ್ಯ ರೆಡಿಮೇಡ್ ಬರಲ್ಲ. ಕತ್ತರಿಸಿ, ಅಂಟಿಸಿ, ಬಣ್ಣ ಹಚ್ಚೋದು ನೀವೇ. ಎರಡು ಗಂಟೆಯ ಆಟಕ್ಕೆ ಎರಡು ವರ್ಷದ ತಯಾರಿ!

ಇವರದ್ದು 'ಎಂಪೈರ್', ಅಂದ್ರೆ ಮನುಷ್ಯರ ಸೈನ್ಯ. 16ನೇ ಶತಮಾನದ ಜರ್ಮನಿಯ ಲ್ಯಾಂಡ್ಸ್‌ಕ್ನೆಕ್ಟ್ ಅನ್ನೋ ಬಾಡಿಗೆ ಸೈನಿಕರ ವೇಷ: ಉಬ್ಬಿದ ತೋಳು, ಒಳಬಟ್ಟೆ ಕಾಣಲಿ ಅಂತ ಬೇಕೆಂದೇ ಸೀಳಿದ ಅಂಗಿ, ಕೈಯಲ್ಲಿ ಕೊಡಲಿ ತಲೆಯ ಉದ್ದ ಈಟಿ. ಎದುರಿಗೆ ಬರೋರು ಓರ್ಕ್‌ಗಳು, ಎದ್ದು ನಡೆಯುವ ಅಸ್ಥಿಪಂಜರಗಳು. ಆಟದ ಪುಸ್ತಕದಲ್ಲಿ ನಮ್ಮ ಸೈನಿಕನ ಶಕ್ತಿ 3, ತಾಳಿಕೆ 3, ಜೀವ 1. ಓರ್ಕ್‌ಗೆ ತಾಳಿಕೆ 4. ಒಬ್ಬೊಬ್ಬರೇ ನಿಂತರೆ ಕಥೆ ಮುಗೀತು. ಸಾಲು ಕಟ್ಟಿ ನಿಲ್ಲಬೇಕು, ಹಿಂದೆ ಫಿರಂಗಿ ಇರಬೇಕು. ಆ ಫಿರಂಗಿಯೂ ಕೆಲವೊಮ್ಮೆ ತಾನೇ ಸಿಡಿದು ಹೋಗುತ್ತೆ. "ಮಾಯ ಮಂತ್ರ ಬಿಟ್ಟು ಇವರನ್ನೇ ಯಾಕೆ ಆರಿಸಿಕೊಂಡ್ರಿ?" ಅಂದೆ. "ಭಯಪಡೋದು ಇವರಿಗೆ ಮಾತ್ರ ಸಹಜ" ಅಂದರು.

ಈ ಸೈನ್ಯಕ್ಕೆ ಒಂದು ದುಃಖದ ಕಥೆಯೂ ಇದೆ. 2015ರಲ್ಲಿ ಕಂಪನಿ ಆ ಹಳೆಯ ಜಗತ್ತನ್ನೇ ಕಥೆಯೊಳಗೆ ನಾಶ ಮಾಡಿ, ಬೇರೆ ಜಗತ್ತಿನ ಹೊಸ ಆಟ ತಂದಿತು. ವರ್ಷಗಟ್ಟಲೆ ಕೂತು ಬಣ್ಣ ಹಚ್ಚಿದವರ ಸೈನ್ಯಗಳಿಗೆ ದೇಶವೇ ಇಲ್ಲದಂತಾಯಿತು. ತಮಾಷೆ ಅಂದ್ರೆ, ಬಣ್ಣದ ಡಬ್ಬಿಗಳ ಮೇಲೆ ಆ ಊರುಗಳ ಹೆಸರು ಹಾಗೇ ಉಳಿದವು. ಅವರ್‌ಲ್ಯಾಂಡ್ ಸನ್‌ಸೆಟ್ ಅನ್ನೋ ಹಳದಿ, ನುಲ್ನ್ ಆಯಿಲ್ ಅನ್ನೋ ತೆಳು ಕಪ್ಪು. ಊರು ಹೋಯ್ತು, ಬಣ್ಣ ಉಳೀತು. 2024ರಲ್ಲಿ 'ದಿ ಓಲ್ಡ್ ವರ್ಲ್ಡ್' ಹೆಸರಿನಲ್ಲಿ ಹಳೆಯ ಜಗತ್ತು ವಾಪಸ್ ಬಂತು. ನಮ್ಮ ಹಿರಿಯರು ಬೀರು ತೆರೆದು ಧೂಳು ಕೊಡವಿದ್ದೂ ಆಗಲೇ.

ಕೆಲಸಕ್ಕೆ ಬರೋಣ. ಮೊದಲ ವಾರ ಕತ್ತರಿಸಿದೆ, ಅಚ್ಚಿನ ಗೆರೆಗಳನ್ನು ಬ್ಲೇಡಿನಿಂದ ಕೆರೆದೆ, ಅಂಟಿಸಿದೆ. ಆಮೇಲೆ ಸಾಲಿನಲ್ಲಿ ನಿಲ್ಲಿಸಿದರೆ ಒಬ್ಬನ ಈಟಿ ಪಕ್ಕದವನ ಕಿವಿಗೆ! ಪಕ್ಕದಲ್ಲಿ ನಿಲ್ಲಿಸಿ ನೋಡಿಕೊಂಡೇ ಕೈ ಅಂಟಿಸಬೇಕಿತ್ತು. ಆರು ಜನರ ಕೈ ಬಿಡಿಸಿ ಮತ್ತೆ ಅಂಟಿಸಿದೆ. ಯಾರ ಪಕ್ಕ ಯಾರು ಅಂತ ಗೊತ್ತಾಗಲಿ ಎಂದು ಪ್ರತಿಯೊಬ್ಬನ ಅಡಿಗೆ 1ರಿಂದ 20ರ ತನಕ ನಂಬರ್ ಬರೆದೆ.

ಮುಂದಿನದು ನನ್ನ ಅವಸರದ ಫಲ. ಮಳೆ ಹನಿಯುತ್ತಿದ್ದ ಸಂಜೆ ಬಾಲ್ಕನಿಯಲ್ಲಿ ಪ್ರೈಮರ್ ಸ್ಪ್ರೇ ಹೊಡೆದೆ. ಗಾಳಿಯಲ್ಲಿ ತೇವ ಇದ್ದರೆ ಅದು ನಯವಾಗಿ ಕೂರಲ್ಲ. ಬೆಳಗ್ಗೆ ನೋಡಿದರೆ ಇಪ್ಪತ್ತೂ ಜನರ ಮೇಲೆ ರವೆ ಉದುರಿಸಿದ ಹಾಗೆ ತರಿತರಿ. ಬೇರೆಯವರ ಸಾಮಾನು ಬೇರೆ! ಎರಡು ದಿನ ಆಫೀಸಿನಲ್ಲಿ ಅವರ ಮುಖ ನೋಡಲಿಲ್ಲ. ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ರಾತ್ರಿಯಿಡೀ ನೆನೆಸಿ, ಹಳೇ ಟೂತ್‌ಬ್ರಷ್‌ನಿಂದ ಒಬ್ಬೊಬ್ಬರನ್ನೇ ತಿಕ್ಕಿ ತೊಳೆದೆ. ಮೂರು ಈಟಿ ಮುರಿದವು.

ನಿಜವಾದ ಪರೀಕ್ಷೆ ಹಳದಿ. ಅವರ ಎಂಬತ್ತು ಜನರದ್ದೂ ಅವರ್‌ಲ್ಯಾಂಡ್ ಪ್ರಾಂತ್ಯದ ಹಳದಿ-ಕಪ್ಪು ಸಮವಸ್ತ್ರ. ಹಳದಿ ಸುಲಭಕ್ಕೆ ಕೂರುವ ಬಣ್ಣ ಅಲ್ಲ, ಕೆಳಗಿನದೆಲ್ಲ ತೋರಿಸಿಬಿಡುತ್ತೆ. ಬಿಳಿ ಪ್ರೈಮರ್ ಮೇಲೆ ತೆಳ್ಳಗೆ ಮೂರು ಸಲ ಹಚ್ಚಿದೆ. ಚೆನ್ನಾಗಿಯೇ ಬಂತು, ಆದರೆ ನಿಂಬೆಹಣ್ಣಿನ ಥರ. ಅವರದ್ದು ಸಾಸಿವೆ ಥರ. ಪಕ್ಕದಲ್ಲಿಟ್ಟರೆ ನನ್ನವರು ಬೇರೆ ದೇಶದಿಂದ ಬಂದವರ ಹಾಗೆ ಕಾಣುತ್ತಿದ್ದರು. "ಹೇಗೆ ಮಾಡಿದ್ರಿ?" ಅಂದರೆ, "ಇಪ್ಪತ್ತು ವರ್ಷದ ಮಾತು, ಯಾರಿಗೆ ನೆನಪಿದೆ?" ಅನ್ನೋ ಉತ್ತರ.

ಮಾದರಿಗೆ ಅಂತ ಅವರು ಕೊಟ್ಟಿದ್ದ ಹಳೇ ಸೈನಿಕನೊಬ್ಬನ ಭುಜದಲ್ಲಿ ಚೂರು ಬಣ್ಣ ಎದ್ದಿತ್ತು. ಒಂದು ರಾತ್ರಿ ದೀಪದ ಕೆಳಗೆ ನೋಡುವಾಗ ಕಂಡಿತು: ಹಳದಿಯ ಕೆಳಗೆ ಬಿಳಿ ಅಲ್ಲ, ಕಂದು! ಅಷ್ಟೇ ಗುಟ್ಟು. ಕಂದು ಹಚ್ಚಿ, ಅದರ ಮೇಲೆ ಹಳದಿ, ಮಡಿಕೆಗಳಿಗೆ ಇಳಿಯುವಂತೆ ತೆಳು ಕಂದಿನ ವಾಶ್, ಒಣಗಿದ ಮೇಲೆ ಉಬ್ಬಿದ ಜಾಗಗಳಿಗೆ ಮತ್ತೆ ಹಳದಿ. ಸರಿಯಾಗಿ ಕೂತಿತು. ದಿನಕ್ಕೆ ಅರ್ಧ ಗಂಟೆ, ಊಟ ಆದ ಮೇಲೆ, ಫೋನ್ ಬೇರೆ ರೂಮಿನಲ್ಲಿ. (ಫೋನಿನಲ್ಲೇ ಇದನ್ನು ಓದುತ್ತಿರುವ ನಿಮ್ಮನ್ನು ಬೈಯುತ್ತಿಲ್ಲ, ನಾನೂ ನಿಮ್ಮ ಥರದವಳೇ.)

ವಿಡಿಯೋ ಕಾಲ್‌ನಲ್ಲಿ ಅಮ್ಮನಿಗೆ ತೋರಿಸಿದೆ. ಮನೆಯಲ್ಲಿ ಪ್ರತಿ ವರ್ಷ ದಸರಾ ಗೊಂಬೆ ಕೂರಿಸುವವಳು. ನೋಡಿದವಳೇ, "ಇವಕ್ಕೆ ಕಣ್ಣೇ ಇಲ್ವಲ್ಲೇ!" ಅಂದಳು. ತಲೆ ಮೆಣಸಿನ ಕಾಳಿನಷ್ಟಿದೆ ಕಣಮ್ಮ, ಅಂದೆ. ಆದರೂ ಅನುಮಾನ ಬಂತು. ಹಳೇ ಸೈನಿಕನನ್ನು ಮತ್ತೆ ನೋಡಿದರೆ ಅವನಿಗೂ ಕಣ್ಣಿಲ್ಲ, ಹುಬ್ಬಿನ ಕೆಳಗೆ ನೆರಳು ಮಾತ್ರ. ನಾನೂ ಹಾಗೇ ಬಿಟ್ಟೆ. "ಮತ್ತೆ ಯಾರನ್ನ ನೋಡಿ ಹೊಡೀತಾರೆ?" ಅನ್ನೋದು ಅಮ್ಮನ ತಕರಾರು, ಇವತ್ತಿಗೂ.

ಜೂನ್‌ನ ಒಂದು ಶನಿವಾರ ಅವರ ಊಟದ ಮೇಜಿನ ಮೇಲೆ ನೂರೂ ಜನ ನಿಂತರು. ನನ್ನವರನ್ನು ಅವರು ಹಳಬರ ಸಾಲಿನೊಳಗೆ ಬೆರೆಸಿದರು. ನಾನು ನಂಬರ್ ಬರೆದದ್ದೆಲ್ಲ ವ್ಯರ್ಥ. ಆಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ತೋರಿಸಿದರು: "ಇದು ನಿನ್ನದು. ಇದೂ." ಬಣ್ಣ ಬೇರೆಯಾ ಅಂತ ಗಾಬರಿಯಾದೆ. "ಬಣ್ಣ ಸರಿ ಇದೆ. ಇವರಿಗೆ ಇನ್ನೂ ಎಲ್ಲೂ ಪೆಟ್ಟು ಬಿದ್ದಿಲ್ಲ" ಅಂದರು.

ಹೊಸದಾಗಿ ಬಣ್ಣ ಹಚ್ಚಿದವರೇ ಮೊದಲು ಸಾಯೋದು ಅಂತ ಈ ಆಟದವರಲ್ಲಿ ಒಂದು ಮಾತಿದೆ. ಪಕ್ಕದ ಮನೆಯವರ ಓರ್ಕ್‌ಗಳು ನುಗ್ಗಿ ಬಂದಾಗ ನಮ್ಮ ಮುಂದಿನ ಸಾಲಿನ ಧೈರ್ಯ ಪರೀಕ್ಷೆ ಬಂತು. ಎರಡು ದಾಳ, ಏಳು ಅಥವಾ ಕಡಿಮೆ ಬೀಳಬೇಕು. ನನ್ನ ಕೈಗೆ ಕೊಟ್ಟರು. ಹನ್ನೊಂದು ಬಿತ್ತು. ಸಾಲಿಗೆ ಸಾಲೇ ಹಿಂದೆ ಓಡಿ ಮೇಜಿನ ಅಂಚು ದಾಟಿತು. ಅವರು ನಗುತ್ತಾ ಒಬ್ಬೊಬ್ಬರನ್ನೇ ಡಬ್ಬಿಗೆ ಹಾಕುವಾಗ ಕೈ ನಡುಗಿ ಒಬ್ಬ ಕೆಳಗೆ ಬಿದ್ದ, ಈಟಿ ಮುರಿಯಿತು. ಎತ್ತಿ ಅಡಿ ನೋಡಿದೆ, ಹದಿನಾಲ್ಕನೇ ನಂಬರ್.

"ಅಂಟು ತಂದಿದ್ದೀಯಾ?" ಅಂದರು.