ಕತ್ತಲೆಗೆ ಮದ್ದು ಡೀಸೆಲ್ ಅಲ್ಲ

ಶರಾವತಿಯ ನೀರಿನಿಂದ 1948ರಲ್ಲಿ ಜೋಗದ ವಿದ್ಯುದಾಗಾರ ಬೆಳಗಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಿತು. ನಾಡಿಗೆಲ್ಲ ಬೆಳಕು ಹರಿಯಿತು. ಹಿನ್ನೀರಿನ ಅಂಚಿಗೆ ದೂಡಲ್ಪಟ್ಟ ಎಷ್ಟೋ ಮನೆಗಳು ಮಾತ್ರ ದಶಕಗಳ ಕಾಲ ಸೀಮೆಎಣ್ಣೆ ಬುಡ್ಡಿಯಲ್ಲೇ ದಿನ ಕಳೆದವು. ಆದ್ದರಿಂದ ಮಲೆನಾಡಿನ ಒಂಟಿಮನೆ ವಿದ್ಯುತ್ ಕೇಳುವುದು ಆಡಂಬರವಲ್ಲ. ಅದು ಬಾಕಿ ಉಳಿದ ನ್ಯಾಯ. ಪ್ರಶ್ನೆಯಿರುವುದು ಅದನ್ನು ಪಡೆಯುವ ದಾರಿಯ ಬಗ್ಗೆ.

ಕಾಡಂಚಿನಲ್ಲಿ ತಲೆಯೆತ್ತಿರುವ ಅನೇಕ ಪ್ರವಾಸಿ ಕಾಟೇಜುಗಳು ತೋರುವ ದಾರಿ ಒಂದೇ: ಹಿತ್ತಲಲ್ಲಿ ಡೀಸೆಲ್ ಜನರೇಟರು, ಒಳಕೋಣೆಯಲ್ಲಿ ಸಾಲು ಬ್ಯಾಟರಿ, ಹೆಬ್ಬಾಗಿಲಲ್ಲಿ ‘ಪರಿಸರಸ್ನೇಹಿ’ ಎಂಬ ಫಲಕ. ಊರ ಮನೆಗಳೂ ಸಾಲ ಮಾಡಿ ಇದೇ ದಾರಿ ಹಿಡಿಯುವುದು ಹಿತವಲ್ಲ.

ಲೆಕ್ಕ ನೋಡಬೇಕು. 12 ವೋಲ್ಟ್, 150 ಆಂಪಿಯರ್-ಅವರ್‌ನ ಸೀಸ-ಆಮ್ಲ ಬ್ಯಾಟರಿಯಲ್ಲಿ ಹಿಡಿಯುವುದು 1.8 ಯೂನಿಟ್. ಅದು ಬಾಳಿಕೆ ಬರಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದು. ಕೈಗೆ ದಕ್ಕುವುದು 0.9 ಯೂನಿಟ್. 9 ವಾಟಿನ ಆರು ಎಲ್‌ಇಡಿ ದೀಪಗಳು ಐದು ಗಂಟೆ ಉರಿದರೂ ಖರ್ಚಾಗುವುದು 0.27 ಯೂನಿಟ್ ಮಾತ್ರ. ಮಕ್ಕಳ ಓದಿಗೂ ಮೊಬೈಲಿಗೂ ಒಂದೇ ಬ್ಯಾಟರಿ ಧಾರಾಳ. ಆದರೆ 2,000 ವಾಟಿನ ಗೀಸರ್ ಅರ್ಧ ಗಂಟೆಯೊಳಗೆ ಅದನ್ನು ಮುಗಿಸುತ್ತದೆ. ಬಚ್ಚಲೊಲೆ, ಹಂಡೆ, ಅಡಕೆ ಸಿಪ್ಪೆ ಇರುವ ಮನೆಗೆ ಗೀಸರ್ ಏಕೆ? ಜನರೇಟರನ್ನು ಕರೆತರುವುದು ಕತ್ತಲೆಯಲ್ಲ, ಪೇಟೆಯ ಅನುಕರಣೆ.

‘ಮಳೆಗಾಲದಲ್ಲಿ ಸೌರಫಲಕ ಕೈಕೊಡುತ್ತದೆ, ಜನರೇಟರೇ ಗತಿ’ ಎಂಬ ವಾದವಿದೆ. ಮೊದಲ ಮಾತು ನಿಜ, ಎರಡನೆಯದು ಎಲ್ಲೆಡೆ ನಿಜವಲ್ಲ. ಸೂರ್ಯ ಮರೆಯಾಗುವ ತಿಂಗಳುಗಳಲ್ಲೇ ಹಳ್ಳ ತುಂಬಿ ಹರಿಯುತ್ತದೆ. ಸೆಕೆಂಡಿಗೆ 5 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದರೆ ಅದರ ಶಕ್ತಿ ಸುಮಾರು 980 ವಾಟ್. ಅರ್ಧ ನಷ್ಟವಾದರೂ ದಿನಕ್ಕೆ 11 ಯೂನಿಟ್‌ಗೆ ಮಿಕ್ಕಿ ಸಿಗುತ್ತದೆ. ಹಗಲಿರುಳು ತಿರುಗುವ ಪುಟ್ಟ ಟರ್ಬೈನಿಗೆ ದೊಡ್ಡ ಬ್ಯಾಟರಿಯ ಹಂಗಿಲ್ಲ. ಬೇಸಿಗೆಯಲ್ಲಿ ಹಳ್ಳ ಸೊರಗಿದಾಗ ಬಿಸಿಲು ಕೈಹಿಡಿಯುತ್ತದೆ.

ಇದನ್ನು ‘ಕಿರು ಜಲವಿದ್ಯುತ್’ ಯೋಜನೆಗಳೊಡನೆ ಬೆರೆಸಬಾರದು. ಸರ್ಕಾರದ ಲೆಕ್ಕದಲ್ಲಿ 25 ಮೆಗಾವಾಟ್ ಕೂಡ ಕಿರಿದೇ. ಮನೆಯ ಟರ್ಬೈನು ಹಳ್ಳದ ಒಂದು ಪಾಲನ್ನಷ್ಟೇ ಪಡೆದು ಕೆಳಗೆ ಅದೇ ಹಳ್ಳಕ್ಕೆ ಮರಳಿಸಬೇಕು. ಕೆಳಗಿನ ಗದ್ದೆಯವರ ಒಪ್ಪಿಗೆಯೂ ಬೇಕು.

ಹಳ್ಳವಿಲ್ಲದ ಮನೆಗೆ, ಕಾಯಿಲೆಯ ತುರ್ತಿಗೆ ಜನರೇಟರು ಬೇಕಾದೀತು. ಆದರೆ ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಾಲ್ಕು ದೀಪಕ್ಕಾಗಿ ಅದನ್ನು ರಾತ್ರಿಯಿಡೀ ಓಡಿಸುವುದು ದಂಡ. ಬ್ಯಾಟರಿ ತುಂಬಲು ಅಗತ್ಯವಿದ್ದಷ್ಟು ಹೊತ್ತು ಓಡಿಸಿ ನಿಲ್ಲಿಸುವುದು ವಿವೇಕ. ಸತ್ತ ಬ್ಯಾಟರಿಯ ಆಮ್ಲವನ್ನು ಚರಂಡಿಗೆ ಸುರಿದರೆ ಸೀಸ ಸೇರುವುದು ಕುಡಿಯುವ ನೀರಿಗೆ. ಬಳಸಿದ ಬ್ಯಾಟರಿಯ ಸಂಗ್ರಹ, ಮರುಬಳಕೆಯ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆ ಹೊರಿಸಿವೆ. ಮಾರಿದವರನ್ನು ಕೇಳುವ ಹಕ್ಕನ್ನು ಹಳ್ಳಿಗರು ಬಿಟ್ಟುಕೊಡಬಾರದು.

ಮೊದಲು ಬೇಡಿಕೆಯ ಮಿತಿ, ಬಳಿಕ ಹಳ್ಳ, ಬಿಸಿಲು, ಸಣ್ಣ ಬ್ಯಾಟರಿ, ಕಟ್ಟಕಡೆಗೆ ಡೀಸೆಲ್. ಊರಿನ ಹಳ್ಳದ ಹರಿವನ್ನು ಒಂದು ಬಕೆಟ್, ಒಂದು ಗಡಿಯಾರ ಹಿಡಿದು ವಿದ್ಯಾರ್ಥಿಗಳೇ ಅಳೆಯಬಲ್ಲರು. ಜನರೇಟರಿಗೆ ಮುಂಗಡ ಕೊಡುವ ಮುನ್ನ ಆ ಅಳತೆ ನಡೆಯಲಿ.