ಎರಡು ವಾರದ ಅಮ್ಮಂದಿರ ವಕೀಲರಿಗೆ

ಇಲ್ಲಿಂದ ಮಗುವನ್ನು ದತ್ತು ತೆಗೆದುಕೊಂಡು ಹೋದ ವಿದೇಶಿ ಕುಟುಂಬಗಳು, ಅನಿವಾಸಿ ಕನ್ನಡಿಗರೂ ಸೇರಿ, ರಜೆಯಲ್ಲಿ ಬಂದು ನಮ್ಮ ಅನಾಥಾಲಯಗಳಲ್ಲಿ ಹತ್ತೋ ಹದಿನೈದೋ ದಿನ ‘ಸೇವೆ’ ಮಾಡಿ ಹೋಗುವುದರಿಂದ ಮಕ್ಕಳಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು ಎಂದು ನಾನು ಹೇಳಿದ್ದೆ. ಬಂದ ಉತ್ತರಗಳಲ್ಲಿ ಬೈಗುಳವನ್ನು ಜರಡಿ ಹಿಡಿದು ತೆಗೆದರೆ ಕೆಲವು ವಾದ ಉಳಿಯುತ್ತವೆ. ಬೈದವರಿಗೆ ನಮಸ್ಕಾರ. ವಾದ ಹೂಡಿದವರಿಗೆ ಉತ್ತರ ಕೊಡಬೇಕಾದದ್ದು ನನ್ನ ಪಾಲಿನ ಕೆಲಸ. ತೀರ್ಪು ಓದುಗರದು.

ಎಲ್ಲರೂ ಕೇಳಿದ ಪ್ರಶ್ನೆ ಇದು: “ಪ್ರೀತಿಯೇ ಕಾಣದ ಮಕ್ಕಳಿಗೆ ಎರಡು ವಾರವಾದರೂ ಪ್ರೀತಿ ಸಿಕ್ಕರೆ ನಿಮ್ಮ ಗಂಟೇನು ಹೋಯಿತು?” ನನ್ನ ಗಂಟು ಹೋಗಲಿಲ್ಲ, ಹೋದದ್ದು ಮಗುವಿನದು. ಕೆಲವು ವರ್ಷಗಳ ಹಿಂದೆ ಇಂಥ ಒಂದು ಕುಟುಂಬಕ್ಕೆ ದುಭಾಷಿಯಾಗಿ ನಾನೂ ಒಂದು ಆಶ್ರಮದಲ್ಲಿ ವಾರ ಕಳೆದಿದ್ದೇನೆ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು, ಇದರಲ್ಲಿ ವ್ಯಂಗ್ಯವಿಲ್ಲ. ಹೊರಡುವ ದಿನ ಬೆಳಿಗ್ಗೆ ಆಕೆಯ ಒಂದು ಚಪ್ಪಲಿ ಕಾಣೆಯಾಯಿತು. ಬಾಗಿಲಲ್ಲಿ ಕಾರು ನಿಂತಿತ್ತು. ನಾವೆಲ್ಲ ಮಂಚದಡಿ, ಮೆಟ್ಟಿಲಡಿ ತಡಕಾಡುತ್ತಿದ್ದೆವು. ಆಯಾ ಮಾತ್ರ ಹುಡುಕಲೇ ಇಲ್ಲ. ನೇರ ಉಗ್ರಾಣಕ್ಕೆ ಹೋಗಿ, ಅಕ್ಕಿ ಮೂಟೆಯ ಹಿಂದಕ್ಕೆ ಕೈ ಹಾಕಿ ತೆಗೆದುಕೊಂಡು ಬಂದಳು. “ಯಾರ್ ಹೊಂಟ್ರೂ ಇದೇ ಕತೆ ಸಾ. ಇಲ್ಲೇ ತಂದ್ ಮಡಗ್ತಾಳೆ” ಅಂದಳು. ಮಡಗಿದವಳಿಗೆ ನಾಲ್ಕು ವರ್ಷ ಇದ್ದೀತು. ಅವಳು ಅಳಲಿಲ್ಲ. ಗೋಡೆಗೆ ಒರಗಿ ನಿಂತು ನೋಡಿದಳು, ಅಷ್ಟೆ. ಮುಂದಿನ ತಂಡ ಬಂದಾಗ ಅವರ ಕಾಲಿಗೂ ಅಷ್ಟೇ ಬೇಗ ಅಂಟಿಕೊಂಡಳಂತೆ.

ಹೊಸಬರ ಕಾಲಿಗೆ ಹೀಗೆ ಅಂಟಿಕೊಳ್ಳುವುದನ್ನೇ ಬಂದವರು “ಎಂಥ ಪ್ರೀತಿಯ ಮಗು!” ಎಂದು ಹೊಗಳುತ್ತಾರೆ. ಮಕ್ಕಳ ಮನಸ್ಸಿನ ವೈದ್ಯರು ಇದನ್ನು ಗಾಯದ ಗುರುತೆಂದು ಬರೆದುಕೊಳ್ಳುತ್ತಾರೆ. ತನ್ನವರು ಯಾರು, ದಾರಿಹೋಕರು ಯಾರು ಎಂಬ ಗೆರೆ ಆ ಮಗುವಿನೊಳಗೆ ಅಳಿಸಿಹೋಗಿರುತ್ತದೆ. ಮನೆಯಲ್ಲಿ ಬೆಳೆದ ನಾಲ್ಕು ವರ್ಷದ ಮಗು ಹೊಸಬರನ್ನು ಕಂಡರೆ ಅಮ್ಮನ ಸೆರಗಿನ ಹಿಂದೆ ಸೇರುತ್ತದೆ. ಆರೋಗ್ಯ ಎಂದರೆ ಅದು. ರೊಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನ ಈ ವಿಷಯದಲ್ಲಿ ಅನುಮಾನಕ್ಕೆ ಎಡೆ ಉಳಿಸಿಲ್ಲ. ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಂದಿಯನ್ನು ಚೀಟಿ ಎತ್ತಿದಂತೆ ಆರಿಸಿ ಸಾಕು ಕುಟುಂಬಗಳಿಗೆ ಕೊಟ್ಟರು. ಮನೆ ಸೇರಿದವರು ಬುದ್ಧಿಯಲ್ಲಿ, ನಂಟಿನಲ್ಲಿ ಮುಂದೆ ಹೋದರು. ಎರಡು ವರ್ಷ ತುಂಬುವ ಮೊದಲೇ ಸೇರಿದವರು ಇನ್ನೂ ಮುಂದೆ. ಅಲ್ಲಿ ಕೆಲಸ ಮಾಡಿದ್ದು ದಿನಾ ಬೆಳಿಗ್ಗೆ ಅದೇ ಮುಖ ಕಂಡದ್ದು. ಎರಡು ವಾರದ ಅಮ್ಮ ಕೊಡಲಾಗದ್ದು ಅದೊಂದನ್ನೇ. ಮಿಕ್ಕಿದ್ದನ್ನೆಲ್ಲ ಆಕೆ ಕೊಡುತ್ತಾಳೆ: ಬಣ್ಣದ ಪೆನ್ಸಿಲ್, ಚಾಕಲೇಟ್, ಮತ್ತೆ ಒಂದು ಅಗಲಿಕೆ.

“ಆದರೆ ಅವರು ಅನಾಥರಲ್ಲವೇ?” ಅಲ್ಲ, ಬಹುಪಾಲು ಅಲ್ಲ. ಯುನಿಸೆಫ್ ಲೆಕ್ಕದಲ್ಲಿ ತಂದೆ ಅಥವಾ ತಾಯಿ, ಒಬ್ಬರು ಇಲ್ಲದಿದ್ದರೂ ಮಗು ಅನಾಥ. 2015ರಲ್ಲಿ ಜಗತ್ತಿನಲ್ಲಿ ಅಂಥವರು ಸುಮಾರು 14 ಕೋಟಿ. ಇಬ್ಬರನ್ನೂ ಕಳೆದುಕೊಂಡವರು ಅದರಲ್ಲಿ ಒಂದೂವರೆ ಕೋಟಿಯಷ್ಟು. ಉಳಿದ ಹನ್ನೆರಡೂವರೆ ಕೋಟಿಗೆ ಅಮ್ಮನೋ ಅಪ್ಪನೋ ಇದ್ದಾರೆ. ಬಡವರು ಎಂಬುದಷ್ಟೇ ಅವರ ತಪ್ಪು. ನಮ್ಮ ಕಡೆಯ ಮಾತನ್ನೇ ತೆಗೆದುಕೊಳ್ಳಿ. ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆ, ನಾಗಮಂಗಲದಿಂದ ಎಷ್ಟು ಜನ ಮುಂಬೈಗೆ ದುಡಿಯಲು ಹೋಗಿದ್ದಾರೆಂದು ರಾಜ್ಯಕ್ಕೆ ಗೊತ್ತಾದದ್ದು 2020ರ ಮೇ ತಿಂಗಳಲ್ಲಿ. ಕೊರೊನಾ ಕಾಲದಲ್ಲಿ ಅವರು ಊರಿಗೆ ಮರಳಿದಾಗ ಮಂಡ್ಯ ದಿನವೂ ಸುದ್ದಿಯಾಯಿತು. ಅದಕ್ಕೂ ಹಿಂದಿನ ವರ್ಷಗಳಲ್ಲಿ ಅಂಥವರ ಮಕ್ಕಳು ಸಿಂಧಘಟ್ಟದಂಥ ಊರುಗಳಲ್ಲಿ ಅಜ್ಜಿಯ ಕೈಯಲ್ಲಿ ಮುದ್ದೆ ತಿಂದು, ಅಜ್ಜಿಯ ಪಕ್ಕ ಮಲಗಿ ಬೆಳೆದರು. ನಮ್ಮ ಬೀದಿಯಲ್ಲಿ ಅವರನ್ನು ಯಾರೂ ಅನಾಥರು ಅನ್ನಲಿಲ್ಲ. ಅಂದಿದ್ದರೆ ಅಜ್ಜಿ ಪೊರಕೆ ಎತ್ತುತ್ತಿದ್ದಳು. ಅದೇ ಮಗುವನ್ನು ಒಂದು ಕಟ್ಟಡದೊಳಗೆ ಕೂರಿಸಿ ಹೊರಗೆ ಬೋರ್ಡು ಬರೆಸಿದರೆ ಅನಾಥ ತಯಾರು.

“ಪದದ ಮೇಲೆ ಜಗಳವೇಕೆ?” ಎಂದು ಒಬ್ಬರು ಜಾರಿಕೊಂಡರು. ಏಕೆಂದರೆ ದೇಣಿಗೆಯ ರಸೀದಿ ಅಚ್ಚಾಗುವುದು ಆ ಪದದ ಮೇಲೆಯೇ. 2007ರಲ್ಲಿ ಫ್ರಾನ್ಸಿನ ಸೇವಾಸಂಸ್ಥೆಯೊಂದು ಸುಡಾನಿನ ದಾರ್ಫುರ್‌ನ ಅನಾಥರೆಂದು ಹೇಳಿ 103 ಮಕ್ಕಳನ್ನು ಚಾಡ್ ದೇಶದಿಂದ ವಿಮಾನ ಹತ್ತಿಸಲು ಹೊರಟಿತ್ತು. ಅಲ್ಲಿ ಫ್ರಾನ್ಸಿನಲ್ಲಿ ಒಳ್ಳೆಯ ಮನಸ್ಸಿನ ಕುಟುಂಬಗಳು ಈ ಮಕ್ಕಳನ್ನು ಕರೆದೊಯ್ಯಲು ಕಾದು ನಿಂತಿದ್ದವು. ವಿಚಾರಿಸಿ ನೋಡಿದರೆ ಬಹುಪಾಲು ಮಕ್ಕಳು ಚಾಡಿನವರೇ, ಅಪ್ಪನೋ ಅಮ್ಮನೋ ಬದುಕಿದ್ದವರೇ. ಕಾದು ನಿಂತವರ ಮನಸ್ಸಿನಲ್ಲಿ ಕೇಡಿರಲಿಲ್ಲ. ಅವರಲ್ಲಿ ಇಲ್ಲದಿದ್ದದ್ದು ಒಂದು ಪ್ರಶ್ನೆ.

ಈಗ ಎದುರಾಳಿಗಳ ಬ್ರಹ್ಮಾಸ್ತ್ರ: “ನೀವು ಹೇಳುವುದು ಸೆಲ್ಫಿಗೆ ಬರುವ ಪ್ರವಾಸಿಗರಿಗೆ ಸರಿ. ಇವರು ದತ್ತು ತೆಗೆದುಕೊಂಡವರು, ಇಂಥ ಮಕ್ಕಳ ಸಂಕಟವನ್ನು ಮನೆಯೊಳಗೇ ಕಂಡವರು.” ಒಪ್ಪಿದೆ. ಹಾಗಾದರೆ ಅವರ ಅನುಭವವನ್ನೇ ಸಾಕ್ಷಿಗೆ ಕರೆಯೋಣ. ಒಂದು ಮಗುವನ್ನು ಅವರ ಕೈಗೆ ಕೊಡುವ ಮುಂಚೆ ನಡೆದದ್ದೇನು? ಮನೆಗೆ ಬಂದು ಅಧ್ಯಯನ ವರದಿ ಬರೆದರು. ಪೊಲೀಸ್ ದಾಖಲೆ, ವೈದ್ಯಕೀಯ ತಪಾಸಣೆ, ಆದಾಯದ ಪುರಾವೆ ಕೇಳಿದರು. ಅವರ ದೇಶದ ಅಧಿಕಾರಿಗಳ ಒಪ್ಪಿಗೆ, ನಮ್ಮ ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರದ ನಿರಾಕ್ಷೇಪಣಾ ಪತ್ರ, ಮೊದಲೆಲ್ಲ ನ್ಯಾಯಾಲಯದ ಆದೇಶ, 2022ರಿಂದೀಚೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಆದೇಶ ಬೇಕಾಯಿತು. ಮಗು ಮನೆ ಸೇರಿದ ಮೇಲೂ ಎರಡು ವರ್ಷ ವರದಿ ಹೋಗಬೇಕು. ಒಂದು ಮಗುವಿಗೆ ಇಷ್ಟು. ಅದೇ ದಂಪತಿ ಸ್ವಯಂಸೇವಕರಾಗಿ ಬಂದು ನಿಂತರೆ ಪಾಸ್‌ಪೋರ್ಟಿನ ಒಂದು ಜೆರಾಕ್ಸ್ ಇಸಿದುಕೊಂಡು ಮೂವತ್ತು ಮಕ್ಕಳನ್ನು ಮುಂದೆ ಕೂರಿಸುತ್ತೇವೆ. ಒಂದಕ್ಕೆ ಬೇಕಾದ ಜಾಗ್ರತೆ ಮೂವತ್ತಕ್ಕೆ ಬೇಡವೇ? ಬೇಡವೆಂದರೆ ಆ ಒಂದು ಮಗುವಿಗಾಗಿ ಅವರನ್ನು ವರ್ಷಗಟ್ಟಲೆ ಅಲೆಸಿದ್ದು ಅನ್ಯಾಯ. ಬೇಕೆಂದರೆ ಈ ಸೇವೆ ನಿಲ್ಲಬೇಕು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎಂದು ನಾಲ್ಕು ಜನರನ್ನು ಕೇಳಿದೆ. ಮೂವರು ಮೌನ. ನಾಲ್ಕನೆಯವರು, “ಭಾವನೆಗೆ ತರ್ಕ ಹಚ್ಚಬೇಡಿ.”

ಇನ್ನೊಂದು ಗಂಟು ಇದಕ್ಕಿಂತ ಬಿಗಿ. ಸಂಸ್ಥೆ ಎಷ್ಟೇ ಚೆನ್ನಾಗಿದ್ದರೂ ಮನೆಯಾಗಲಾರದು ಎಂಬ ಒಂದೇ ನಂಬಿಕೆಯ ಮೇಲೆ ದತ್ತು ನಿಂತಿದೆ. ಹಾಗೆ ನಂಬಿ ಒಂದು ಮಗುವನ್ನು ಅಲ್ಲಿಂದ ಬಿಡಿಸಿಕೊಂಡು ಹೋದವರು ಹಿಂತಿರುಗಿ ಬಂದು ಅದೇ ಸಂಸ್ಥೆಗೆ ಸುಣ್ಣ ಬಳಿಯುತ್ತಾರೆ, ಹೊಸ ಕೊಠಡಿ ಕಟ್ಟಿಸುತ್ತಾರೆ, ಹತ್ತು ಮಂಚ ಹೆಚ್ಚಿಗೆ ಹಾಕಿಸುತ್ತಾರೆ. ಜೈಲಿನಿಂದ ತಮ್ಮನನ್ನು ಬಿಡಿಸಿಕೊಂಡ ಅಣ್ಣ, ಸಂತೋಷಕ್ಕೆ ಜೈಲಿಗೊಂದು ಬ್ಲಾಕು ಕಟ್ಟಿಸಿಕೊಟ್ಟಂತಾಯಿತು. ಹೋಲಿಕೆ ಒರಟಾಯಿತು, ಇರಲಿ. ಸಂಸ್ಥೆಗೆ ಸೇರಿಸುವುದು ಕಟ್ಟಕಡೆಯ ಉಪಾಯ ಎಂದು ನಮ್ಮ 2015ರ ಬಾಲನ್ಯಾಯ ಕಾಯ್ದೆಯೇ ಹೇಳುತ್ತದೆ. ಕಟ್ಟಕಡೆಯ ಉಪಾಯಕ್ಕೆ ಮಂಚ ಹೆಚ್ಚಿಸಿದರೆ ಅದು ಕ್ರಮೇಣ ಮೊದಲ ಉಪಾಯವಾಗುತ್ತದೆ.

ಹಾಗಾಗುತ್ತದೆಯೇ ಎಂದು ಕೇಳುವವರೇ “ಅವರು ಬಂದರೆ ಹಣ ಬರುತ್ತದೆ, ಬರದಿದ್ದರೆ ಆಶ್ರಮ ಮುಚ್ಚುತ್ತದೆ” ಎಂದೂ ಹೇಳುತ್ತಾರೆ. ತಮ್ಮ ಪ್ರಶ್ನೆಗೆ ತಾವೇ ಉತ್ತರ ಕೊಟ್ಟಂತಾಯಿತು. ಮಕ್ಕಳಿದ್ದರೆ ನೋಡಲು ಬರುವವರು, ಬರುವವರಿದ್ದರೆ ಹಣ. ಆಗ ಮಕ್ಕಳು ಕಡಿಮೆಯಾಗುವುದು ಯಾರಿಗೆ ಬೇಕು? ಕಾಂಬೋಡಿಯಾದಲ್ಲಿ ಪ್ರವಾಸಿಗರು ಹೆಚ್ಚಿದ ಹಾಗೆ ಅನಾಥಾಲಯಗಳೂ ಹೆಚ್ಚಿದವು. ಅಲ್ಲಿದ್ದ ಮಕ್ಕಳಲ್ಲಿ ನಾಲ್ಕರಲ್ಲಿ ಮೂವರಿಗೆ ಅಪ್ಪನೋ ಅಮ್ಮನೋ ಇದ್ದರು. ಇನ್ನು ಹಣದ ಮಾತೇ ಆದರೆ ಲೆಕ್ಕವನ್ನೂ ಹಾಕೋಣ. ಅಮ್ಮನ ಬಳಿಯೋ ಅಜ್ಜಿಯ ಬಳಿಯೋ ಇರುವ ಬಡ ಮಗುವಿಗೆ ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವದಲ್ಲಿ ಸಿಗುವುದು ತಿಂಗಳಿಗೆ 4,000 ರೂಪಾಯಿ. ಅಮೆರಿಕದಿಂದ ನಾಲ್ವರ ಕುಟುಂಬ ಬಂದು ಹೋಗಲು ತಲೆಗೆ ಒಂದು ಲಕ್ಷ ಹಿಡಿಯಿರಿ. ಆ ನಾಲ್ಕು ಲಕ್ಷದಲ್ಲಿ ಎಂಟು ಮಕ್ಕಳು ಒಂದು ವರ್ಷ ತಮ್ಮ ಮನೆಯಲ್ಲೇ ಇರಬಹುದು. ಮೇಲೆ 16,000 ರೂಪಾಯಿ ಮಿಗುತ್ತದೆ. ಪರದೇಶದ ದುಡ್ಡನ್ನು ಕುಟುಂಬಗಳಿಗೆ ತಲುಪಿಸಲು ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಾಯಿಸಿದ ಸಂಸ್ಥೆಗಳಿವೆ, ದಾರಿ ಇಲ್ಲದಿಲ್ಲ. ಮಗುವನ್ನು ಮನೆಯಲ್ಲೇ ಉಳಿಸುವ ಈ ದಾರಿ ದತ್ತಿನ ಒಳಹೊರಗನ್ನು ಬಲ್ಲವರಿಗೆ ಹೊಸತೂ ಅಲ್ಲ. 1982ರಲ್ಲಿ ಬೆಂಗಳೂರಿನಲ್ಲಿ ಶುರುವಾದ ‘ಆಶ್ರಯ’ ಮಕ್ಕಳನ್ನು ದತ್ತು ಕೊಡುತ್ತಲೇ ಕಟ್ಟಡ ಕೂಲಿಗಳ ಮಕ್ಕಳಿಗೆ ಶಿಶುವಿಹಾರಗಳನ್ನೂ ನಡೆಸಿತು. ಹಗಲು ನೋಡಿಕೊಳ್ಳುವವರಿದ್ದರೆ ತಾಯಿ ಮಗುವನ್ನು ಕೈಬಿಡಬೇಕಾಗಿಲ್ಲ, ಅಷ್ಟೇ ವಿಷಯ.

“ನಮ್ಮವರು ಮೂಗು ಮುರಿದ ಮಕ್ಕಳನ್ನು ಅವರು ಎತ್ತಿಕೊಂಡರು. ನಿಮಗೆ ಕೃತಜ್ಞತೆ ಇಲ್ಲವೇ?” ಈ ಆರೋಪದ ಮೊದಲ ಅರ್ಧ ಅಕ್ಷರಶಃ ನಿಜ, ಅದಕ್ಕೆ ತಲೆ ಬಾಗುತ್ತೇನೆ. ಸೀಳುತುಟಿಯ ಮಗು, ಕಾಲು ಸೊಟ್ಟಗಿರುವ ಮಗು, ಆರು ವರ್ಷ ದಾಟಿದ ಮಗು ನಮ್ಮಲ್ಲಿ ಕಾಯುತ್ತಲೇ ಇರುತ್ತವೆ. ನಮಗೆ ಬೇಕಾದದ್ದು ಆರೋಗ್ಯವಂತ ಹಸುಗೂಸು, ಸಾಧ್ಯವಾದರೆ ಬೆಳ್ಳಗಿನದು. 2024-25ರಲ್ಲಿ ಆದ 4,515 ದತ್ತುಗಳಲ್ಲಿ 4,155 ದೇಶದೊಳಗೇ ಆದವು. ಹೊರಗೆ ಹೋದ ಕೆಲವು ನೂರರಲ್ಲಿ ನಮ್ಮವರು ಬೇಡವೆಂದ ಮಕ್ಕಳೇ ಹೆಚ್ಚು. ಇದರಿಂದ ಸಿದ್ಧವಾಗುವುದು ಏನು? ಆ ಮಕ್ಕಳಿಗೆ ಮನೆ ಬೇಕಿತ್ತು, ಸಿಕ್ಕಿತು ಎಂಬುದು. ಹಿಂದೆ ಉಳಿದವರಿಗೆ ಸ್ವಯಂಸೇವಕರು ಬೇಕು ಎಂಬುದು ಇದರಿಂದ ಹೇಗೆ ಹುಟ್ಟುತ್ತದೋ ನನಗೆ ತಿಳಿಯದು. ನನ್ನ ಮಾತಿಗೆ ಚಪ್ಪಾಳೆ ತಟ್ಟಿದ ಇನ್ನೊಂದು ಗುಂಪಿಗೂ ಇಲ್ಲೇ ಹೇಳಿಬಿಡುತ್ತೇನೆ. “ನಮ್ಮ ಮಕ್ಕಳನ್ನು ಪರದೇಶಕ್ಕೆ ಕೊಡುವುದೇ ಸಂಸ್ಕೃತಿಗೆ ದ್ರೋಹ” ಎನ್ನುವ ಸ್ವಾಮಿಗಳೇ, ನಾನು ನಿಮ್ಮವನಲ್ಲ. 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿದೇಶಿ ದತ್ತಿಗೆ ಕಟ್ಟುನಿಟ್ಟಿನ ಕ್ರಮ ಹಾಕಿಕೊಟ್ಟಿತು, ಬಾಗಿಲು ಮುಚ್ಚಲಿಲ್ಲ. ಅದು ಸರಿ. ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಹೆಣ್ಣುಭ್ರೂಣ ಪತ್ತೆ ಮಾಡುತ್ತಿದ್ದ ಜಾಲ 2023ರ ಕೊನೆಯಲ್ಲಿ ಬಯಲಾದದ್ದು ನಮ್ಮ ಮಂಡ್ಯ ಜಿಲ್ಲೆಯಲ್ಲಿ. ಮಕ್ಕಳ ವಿಷಯದಲ್ಲಿ ಸಂಸ್ಕೃತಿಯ ಉಪದೇಶ ಮಾಡುವಷ್ಟು ಮುಖ ನಮಗಿಲ್ಲ.

“ವಿದೇಶಿಯರ ಮೇಲೇ ಏಕೆ ಕಣ್ಣು?” ಒಳ್ಳೆಯ ಪ್ರಶ್ನೆ. ಮಗನ ಹುಟ್ಟುಹಬ್ಬಕ್ಕೆ ಅನಾಥಾಲಯದಲ್ಲಿ ಕೇಕು ಕತ್ತರಿಸುವ ಬೆಂಗಳೂರಿನವರೂ, ನಾಯಕರ ಜನ್ಮದಿನಕ್ಕೆ ಬ್ರೆಡ್ಡು-ಹಣ್ಣು ಹಂಚಿ ಫೋಟೊ ಹಿಡಿಸಿಕೊಳ್ಳುವ ಅಭಿಮಾನಿಗಳೂ ಇದೇ ಸಾಲಿನವರು. ಆ ಫೋಟೊದಲ್ಲಿ ಮಗುವಿನ ಗುರುತು ಹೊರಬಿದ್ದರೆ ಬಾಲನ್ಯಾಯ ಕಾಯ್ದೆಯ 74ನೇ ಕಲಮಿನಂತೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

“ನಮ್ಮ ಮಗಳಿಗೆ ಅವಳ ಬೇರು ತೋರಿಸಬಾರದೇ?” ಎಂದು ಒಬ್ಬ ತಾಯಿ ಕೇಳಿದ್ದಾರೆ. ಬಂದ ಉತ್ತರಗಳಲ್ಲಿ ನನ್ನನ್ನು ತಟ್ಟಿದ್ದು ಇದೊಂದೇ, ಹಾಗಾಗಿ ಇದಕ್ಕೆ ವ್ಯಂಗ್ಯವಿಲ್ಲ. ತೋರಿಸಿ ತಾಯಿ, ಖಂಡಿತ ತೋರಿಸಿ. ಬೇರು ಹುಡುಕುವ ಹಕ್ಕನ್ನು ದತ್ತು ನಿಯಮಗಳೇ ಅವಳಿಗೆ ಕೊಟ್ಟಿವೆ. ಅವಳನ್ನು ಎತ್ತಿ ಆಡಿಸಿದ ಆಯಾ ಬದುಕಿದ್ದರೆ ಅವಳ ಮನೆಗೇ ಕರೆದುಕೊಂಡು ಹೋಗಿ, ಕಡತ ಕೇಳಿ ನೋಡಿ, ಊರು ಗೊತ್ತಿದ್ದರೆ ಆ ಊರಿನ ಕೆರೆ ಏರಿಯ ಮೇಲೆ ನಡೆಸಿ. ಆದರೆ ಈಗ ಅಲ್ಲಿರುವ ಮೂವತ್ತು ಮಕ್ಕಳು ನಿಮ್ಮ ಮಗಳ ಬೇರಲ್ಲ. ಅವಳನ್ನು ಒಯ್ದವರು ನಮ್ಮನ್ನೇಕೆ ಒಯ್ಯಲಿಲ್ಲ ಎಂಬ ಪ್ರಶ್ನೆಯನ್ನು ಅವರ ಎದುರು ತಂದು ನಿಲ್ಲಿಸಬೇಡಿ. ನೀವು ಫಿಸಿಯೋಥೆರಪಿ ಬಲ್ಲವರೆಂದು ಬರೆದಿದ್ದೀರಿ. ಹತ್ತು ಜನ ಆಯಾಗಳಿಗೆ, ಅಂಗವೈಕಲ್ಯದ ಮಕ್ಕಳ ತಾಯಂದಿರಿಗೆ ಅದನ್ನು ಕಲಿಸಿ ಹೋಗಿ. ನೀವು ವಿಮಾನ ಹತ್ತಿದ ಮೇಲೂ ಆ ಕೈಗಳು ಇಲ್ಲೇ ಇರುತ್ತವೆ.

ಕೊನೆಯ ಬಾಣ: “ಬರೀ ಬರೆಯುತ್ತೀರಿ, ನೀವೇನು ಮಾಡಿದ್ದೀರಿ?” ನಾನು ಏನೂ ಮಾಡಿಲ್ಲವೆಂದೇ ಇಟ್ಟುಕೊಳ್ಳಿ. ಅದರಿಂದ ಚಪ್ಪಲಿ ಬಚ್ಚಿಟ್ಟ ಮಗುವಿನ ಮಾತು ಸುಳ್ಳಾಗುವುದಿಲ್ಲ.

ಏನಾದರೂ ಮಾಡಲೇಬೇಕೆನ್ನುವವರಿಗೆ ಒಂದು ವಿವರ. ಗಂಡನಿಲ್ಲದ ತಾಯಿಯೋ ಮೊಮ್ಮಗುವನ್ನು ಸಾಕುತ್ತಿರುವ ಅಜ್ಜಿಯೋ ನಿಮ್ಮ ಬೀದಿಯಲ್ಲಿದ್ದು, ಹಳ್ಳಿಯಲ್ಲಿ ಆ ಮನೆಯ ವರ್ಷದ ಆದಾಯ 72,000 ರೂಪಾಯಿ ಮೀರದಿದ್ದರೆ, ತಿಂಗಳಿಗೆ 4,000 ರೂಪಾಯಿಯ ಆ ನೆರವಿಗೆ ಅರ್ಜಿ ಹಾಕಿಸಬಹುದು. ವಿಚಾರಿಸಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ. ನಮ್ಮವರಿಗೆ ಅದು ಮಂಡ್ಯದಲ್ಲಿದೆ.