ಮಿತ್ರಸಂಘಗಳೂ ಕಿವಿಗೊಡುವಿಕೆಯೂ

ಮಡಗಾಸ್ಕರ್ ದ್ವೀಪದ ಮಲಗಾಸಿ ಜನರ ಜೀವನವನ್ನೂ ಸಂಸ್ಕೃತಿಯನ್ನೂ ಪರಿಚಯಪಡಿಸುವ ಮಿತ್ರಸಂಘಗಳು ಪರದೇಶಗಳಲ್ಲಿ ಉಂಟು. ಲಂಡನ್ನಿನ ಆಂಗ್ಲೋ-ಮಲಗಾಸಿ ಸೊಸೈಟಿಯು ಅವುಗಳಲ್ಲೊಂದು. ಇಂಥ ಸಂಘಗಳ ಉಪನ್ಯಾಸಗಳೂ ಕೂಟಗಳೂ ಮೆಚ್ಚತಕ್ಕವುಗಳೇ ಸರಿ. ಆದರೆ ಅವು ಕೇಳುವವರನ್ನು ಬೆರಗುಗೊಳಿಸುವುದರಲ್ಲಿಯೇ ಮುಗಿಯಬಾರದೆಂಬುದು ನಮ್ಮ ಅಭಿಪ್ರಾಯವು.

ಆ ದ್ವೀಪದ ನಡುನಾಡಿನಲ್ಲಿ ಫಮಾದಿಹಾನವೆಂಬ ಆಚಾರವುಂಟು. ಕುಟುಂಬದವರು ಕೆಲವು ವರುಷಗಳಿಗೊಮ್ಮೆ ಹಿರಿಯರ ಸಮಾಧಿಯನ್ನು ತೆರೆದು, ಅಸ್ಥಿಗಳಿಗೆ ಹೊಸ ವಸ್ತ್ರವನ್ನು ಸುತ್ತಿ, ವಾದ್ಯಗಳೊಡನೆ ಸಂತೋಷಪಡುವರು. ಇದನ್ನು ಕೇಳಿದೊಡನೆ ನಾವು ಮುಖವನ್ನು ತಿರುಗಿಸುತ್ತೇವೆ. ಆದರೂ ಮಲಗಾಸಿ ಕ್ರೈಸ್ತರಲ್ಲಿಯೇ ಅನೇಕರು ಇದನ್ನು ಇಂದಿಗೂ ನಡಿಸುತ್ತಾರೆ. ಯಾಕೆಂಬುದನ್ನು ಅವರ ಬಾಯಿಂದಲೇ ಕೇಳಬೇಡವೇ?

1810ರಲ್ಲಿ ಬಳ್ಳಾರಿಯಲ್ಲಿ ಕೆಲಸವನ್ನಾರಂಭಿಸಿದ ಲಂಡನ್ ಮಿಷನ್ನೇ 1820ರಲ್ಲಿ ಅಂಟಾನನರಿವೊ ಪಟ್ಟಣದಲ್ಲಿ ಶಾಲೆಯನ್ನು ತೆರೆಯಿತು. 1835ರಲ್ಲಿ ಮಲಗಾಸಿ ಬೈಬಲಿನ ಮುದ್ರಣವು ಪೂರ್ಣವಾಯಿತು. ಬೋಧಿಸಲು ಹೋದವರು ಮೊದಲು ಆ ಜನರ ನುಡಿಗೆ ಕಿವಿಗೊಡದೆ ಇದ್ದರೆ ಈ ಕಾರ್ಯವು ಆಗುತ್ತಿತ್ತೇ?

ಮಲಗಾಸಿಗಳ ಸಭಾಭಾಷಣಕ್ಕೆ ಕಬಾರಿಯೆಂದು ಹೆಸರು. 2021ರಲ್ಲಿ ಯುನೆಸ್ಕೋ ಸಂಸ್ಥೆಯು ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ ಮಾತಾಡುವವನು, ಹಿರಿಯರಿರುವಲ್ಲಿ ತಾನು ಬಾಯಿ ತೆರೆದದ್ದಕ್ಕಾಗಿ ಮೊದಲು ಸಭೆಯ ಕ್ಷಮೆಯನ್ನು ಬೇಡುವನು. ಪರಜನರ ವಿಷಯವಾಗಿ ಮಾತಾಡುವ ಸಂಘಗಳಿಗೆ ಈ ವಿನಯವೇ ಮೊದಲ ಪಾಠವಾಗಲಿ. ಮಲಗಾಸಿಯವರ ಕುರಿತು ಉಪನ್ಯಾಸವಾಗುವಲ್ಲಿ ಮಲಗಾಸಿಯವರೇ ಎದ್ದು ಮಾತಾಡಲಿ.

ಹಳೆಯ ವಿದ್ಯಾರ್ಥಿನಿಯರೇ, ಪೋಷಕರೇ, ನಿಮ್ಮ ಮನೆಯ ಮಕ್ಕಳು ಪರದೇಶದ ಆಚಾರವೊಂದನ್ನು ಕೇಳಿ ನಕ್ಕರೆ ಗದರಿಸಬೇಡಿರಿ. ಅದನ್ನು ಆಚರಿಸುವವರು ಏನನ್ನುತ್ತಾರೆಂದು ವಿಚಾರಿಸಲು ಕಲಿಸಿರಿ. ಕಿವಿಗೊಡದ ಸ್ನೇಹವು ಬಹುದಿನ ಬಾಳದು.